ಠಕ್ಕರ ಜಾಡು ಹಿಡಿದ ಮೆಡೋಸ್ ಟೇಲರ್

ಪಠ್ಯಪುಸ್ತಕದ ಮರೆಯಲ್ಲಿ ಪತ್ತೇದಾರಿ ಕಾದಂಬರಿಯನ್ನಿಟ್ಟು ಓದುವ ವಿದ್ಯಾರ್ಥಿಗಳನ್ನು ನಾನು ಬಲ್ಲೆನು. ಕೊಲೆಯ ಮೇಲೆ ಕೊಲೆ ಮಾಡುವ ಪಾತಕಿ, ಅವನನ್ನು ಅರಸುವ ಚತುರ. ಆ ಕಥೆಗಳ ಹಂದರವಿಷ್ಟೆ. ಷೆರ್ಲಾಕ್ ಹೋಮ್ಸನು ಅಚ್ಚಿನಲ್ಲಿ ಕಾಣಿಸಿಕೊಳ್ಳುವುದಕ್ಕೆ 48 ವರ್ಷ ಮೊದಲೇ ಇಂತಹ ಪಾತಕಿಯ ಕಥೆಯನ್ನು ಬರೆದಾತನು ನಮ್ಮ ಸೊಲ್ಲಾಪುರದ ನೆರೆಯ ನಳದುರ್ಗದಲ್ಲಿ ಅಧಿಕಾರ ನಡೆಸಿದವನೆಂಬುದನ್ನು ಅವರು ಅರಿಯರು.

ಫಿಲಿಪ್ ಮೆಡೋಸ್ ಟೇಲರನು 1808ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿದನು. ಹದಿನೈದರ ಬಾಲಕನಾಗಿ 1824ರಲ್ಲಿ ಮುಂಬಯಿಯ ವರ್ತಕನೊಬ್ಬನಲ್ಲಿ ಕೆಲಸಕ್ಕೆಂದು ಬಂದಾಗ ಆ ಅಂಗಡಿಯೇ ಮುಳುಗುವ ಸ್ಥಿತಿಯಲ್ಲಿದ್ದಿತು. ಬಂಧುಗಳ ನೆರವಿನಿಂದ ನಿಜಾಮನ ಸೇನೆಯಲ್ಲಿ ಸ್ಥಾನ ದೊರೆಯಿತು. ಕೆಲಕಾಲದಲ್ಲಿಯೇ ಆ ಸಂಸ್ಥಾನದ ನೈಋತ್ಯ ಭಾಗದಲ್ಲಿ ಪೊಲೀಸ್ ಅಧಿಕಾರ ಕೈಸೇರಿತು.

ಅಲ್ಲಿ ದಾರಿಗರ ಹೆಣಗಳು ಸಿಕ್ಕುತ್ತಿದ್ದವು. ಕೊಂದವರು ಮಾತ್ರ ಸಿಕ್ಕುತ್ತಿರಲಿಲ್ಲ. ಟೇಲರನಿಗೆ ಸಂಶಯ ಬಲಿಯಿತು. ಬೇರುಸಹಿತ ಶೋಧಿಸಬೇಕೆಂದು ಸಂಕಲ್ಪಿಸಿದ ವೇಳೆಗೆ, 1829ರಲ್ಲಿ, ದಂಡಿಗೆ ಮರಳಬೇಕೆಂಬ ಆಜ್ಞೆ ಬಂದಿತು. ಬೇಡಿಕೊಂಡರೂ ಫಲವಾಗಲಿಲ್ಲ. ಠಕ್ಕರನ್ನು ಬಯಲಿಗೆಳೆದ ಕೀರ್ತಿ ಉತ್ತರದಲ್ಲಿದ್ದ ಸ್ಲೀಮನ್‌ನ ಪಾಲಾಯಿತು. ಈ ಕೊರಗನ್ನು ಟೇಲರನು ಮುಪ್ಪಿನಲ್ಲಿಯೂ ಮರೆಯಲಿಲ್ಲ.

ಹಿಂದಿಯ ಠಗ್, ನಮ್ಮ ಠಕ್ಕ, ಎರಡೂ ಒಂದೇ ಬಳ್ಳಿಯ ಶಬ್ದಗಳು. ಕನ್ನಡದಲ್ಲಿ ಅದು ಬರಿಯ ವಂಚಕ. ಈ ಠಕ್ಕರಾದರೋ ಯಾತ್ರಿಕರೊಡನೆ ಗೆಳೆತನ ಬೆಳೆಸಿ, ದಿನಗಟ್ಟಲೆ ಜೊತೆ ನಡೆದು, ನಂಬಿಕೆ ಕುದುರಿದ ಮೇಲೆ ಕರವಸ್ತ್ರದಿಂದ ಕೊರಳು ಬಿಗಿದು ಕೊಂದು ಹೂಳುತ್ತಿದ್ದರೆಂಬುದು ಪ್ರಸಿದ್ಧ ವೃತ್ತಾಂತ. ಆಂಗ್ಲರು ಇದನ್ನು ಉತ್ಪ್ರೇಕ್ಷಿಸಿದರೆಂದು ವಾದಿಸುವ ಇತಿಹಾಸಕಾರರೂ ಉಂಟು. ಮುಂದೆ ಹೈದರಾಬಾದಿನಲ್ಲಿ ಸೆರೆಸಿಕ್ಕ ಠಕ್ಕರ ತಪ್ಪೊಪ್ಪಿಗೆಗಳನ್ನು ದಿನವೂ ಬರೆದುಕೊಳ್ಳುವ ಕೆಲಸ ಟೇಲರನಿಗೇ ಬಂದಿತು. ಅದರ ಫಲವೇ 1839ರಲ್ಲಿ ಪ್ರಕಟವಾದ ‘ಕನ್ಫೆಷನ್ಸ್ ಆಫ್ ಎ ಥಗ್’. ಇದರಲ್ಲಿ ಬೆನ್ನಟ್ಟುವವನ ಸಾಹಸವಿಲ್ಲ. 719 ಕೊಲೆಗಳ ಅಮೀರ್ ಅಲಿ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಸಾಹೇಬನು ಕುಳಿತು ಕೇಳುತ್ತಾನೆ. ಕೊಲೆಗಡುಕನ ಸರಸ ಮಾತಿಗೆ ಓದುಗನೂ ಮರುಳಾಗುವನು. ಅದೇ ಅದರ ಭಯಂಕರತೆ.

ಇದಾದ ಮೇಲೆ ಟೇಲರನನ್ನು ಕನ್ನಡನಾಡಿನ ಸುರಪುರಕ್ಕೆ ಕಳುಹಿಸಿದರು. ಅಲ್ಲಿ ಬಾಲಕ ದೊರೆ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಆಡಳಿತವನ್ನು ನೋಡಿಕೊಂಡನು. ಹುಡುಗನು ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. ಬಳಿಕ ಟೇಲರನು ನಳದುರ್ಗಕ್ಕೂ ಅಲ್ಲಿಂದ ವರ್ಹಾಡಕ್ಕೂ ಹೋದನು. 1858ರಲ್ಲಿ ವೆಂಕಟಪ್ಪ ನಾಯಕನು ಆಂಗ್ಲರ ಮೇಲೆ ಕತ್ತಿ ಹಿರಿದು, ಸೋತು, ಹೈದರಾಬಾದಿನಲ್ಲಿ ಸೆರೆಸಿಕ್ಕನು. ಟೇಲರನು ಸೆರೆಮನೆಗೆ ಹೋಗಿ ಅವನೆದುರು ಕುಳಿತನು. ಅಮೀರ್ ಅಲಿಯಂಥವರ ಮಾತನ್ನು ನಿರ್ವಿಕಾರವಾಗಿ ಬರೆದುಕೊಂಡವನಿಗೆ ತಾನು ಬೆಳೆಸಿದ ಹುಡುಗನ ಮಾತನ್ನು ಕೇಳುವುದು ಎಷ್ಟು ಕಠಿನವಾಗಿದ್ದೀತು! ಮರಣದಂಡನೆ ಇಳಿದಿಳಿದು ನಾಲ್ಕು ವರ್ಷದ ಸೆರೆಯಾಯಿತು. ಆದರೆ ಮದರಾಸಿನ ಕಡೆಗೆ ಒಯ್ಯುವಾಗ ದಾರಿಯಲ್ಲಿ ದೊರೆಯು ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಪ್ರಾಣ ಬಿಟ್ಟನೆಂದು ಆಂಗ್ಲರ ಬರಹಗಳು ಹೇಳುತ್ತವೆ.

ಟೇಲರನು 1860ರಲ್ಲಿ ಸ್ವದೇಶಕ್ಕೆ ಮರಳಿದನು. 1863ರ ‘ತಾರಾ’ ಕಾದಂಬರಿಯಲ್ಲಿ ತುಳಜಾಪುರವೂ ವಿಜಾಪುರವೂ ಬರುತ್ತವೆ. ದೃಷ್ಟಿ ಕುಂದಿದ ಮೇಲೆಯೂ ಒಮ್ಮೆ ಈ ದೇಶಕ್ಕೆ ಬಂದು, ಹಿಂದಿರುಗುವಾಗ 1876ರಲ್ಲಿ ಫ್ರಾನ್ಸಿನ ಮಾಂತೋನ್ ಪಟ್ಟಣದಲ್ಲಿ ತೀರಿಕೊಂಡನು. ಸುರಪುರದ ಗುಡ್ಡದ ಮೇಲೆ ಅವನಿದ್ದ ಬಂಗಲೆಯನ್ನು ಜನರು ಟೇಲರ್ ಮಂಜಿಲ್ ಎಂದು ಕರೆಯುತ್ತಾರೆ.