388ರ ಎದುರು ಒಂದು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಎಲ್ಲರ ಬಳಿಯೂ ಒಂದು ನೋಟ್‌ಬುಕ್ ಇರುತ್ತದೆ. ಅದರಲ್ಲಿ ‘ಮೊದಲಿಗರು’ ಎಂಬ ತಲೆಬರಹದ ಕೆಳಗೆ ಸಾಲು ಸಾಲು ಹೆಸರುಗಳು. ನನ್ನ ನೋಟ್‌ಬುಕ್ಕಿನಲ್ಲೂ ಅಂಥ ಒಂದು ಸಾಲಿದೆ: ಅಮೆರಿಕ ಸಂಸತ್ತಿನ ಮೊದಲ ಮಹಿಳಾ ಸದಸ್ಯೆ, ಜೆನೆಟ್ ರ‍್ಯಾಂಕಿನ್, 1916. ಎರಡು ವರ್ಷ ಅದನ್ನು ಬಾಯಿಪಾಠ ಮಾಡಿದ್ದೇನೆ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯಳಿದ್ದಾಳೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಕಳೆದ ಮಳೆಗಾಲದ ಮಾತು. ನಾವು ಆರು ಮಂದಿ ಹುಡುಗಿಯರು ಸೇರಿ ಒಂದು ಬಾಡಿಗೆ ಮನೆ ಮಾಡಿಕೊಂಡಿದ್ದೆವು. ಅವರಲ್ಲೊಬ್ಬಳು ಎರಡು ತಿಂಗಳಿಂದ ತನ್ನ ಪಾಲಿನ ದುಡ್ಡು ಕೊಟ್ಟಿರಲಿಲ್ಲ. ಒಂದು ರಾತ್ರಿ ಊಟವಾದ ಮೇಲೆ, ಅವಳು ಇರಬೇಕೋ ಹೋಗಬೇಕೋ ಎಂದು ಕೈ ಎತ್ತಿ ತೀರ್ಮಾನಿಸೋಣ ಎಂದರು. ಅವಳ ಅಪ್ಪ ಆಸ್ಪತ್ರೆಯಲ್ಲಿದ್ದ ವಿಷಯ ಗೊತ್ತಿದ್ದದ್ದು ನನಗೊಬ್ಬಳಿಗೇ. ಯಾರಿಗೂ ಹೇಳಬೇಡ ಎಂದಿದ್ದಳು. ಹೇಳದೆಯೂ ನಾನು ಬೇಡ ಎನ್ನಬಹುದಿತ್ತು. ಆದರೆ ನಾಲ್ಕು ಕೈಗಳು ಮೇಲೆ ಹೋದವು, ಐದನೆಯದು ನನ್ನದು. ಮರುದಿನ ಬೆಳಿಗ್ಗೆ ಅವಳು ಬ್ಯಾಗು ತೆಗೆದುಕೊಂಡು ಹೊರಟುಹೋದಳು.

ಅದೇ ವಾರ ಗ್ರಂಥಾಲಯದಲ್ಲಿ ಕೂತಾಗ ಓದು ತಲೆಗೆ ಹತ್ತಲಿಲ್ಲ. ಸುಮ್ಮನೆ ಆ ‘ಮೊದಲಿಗರು’ ಪಟ್ಟಿಯ ಒಂದು ಹೆಸರನ್ನು ಹುಡುಕಿದೆ. ಜೆನೆಟ್ ರ‍್ಯಾಂಕಿನ್. ಮೊದಲು ಕಣ್ಣಿಗೆ ಬಿದ್ದದ್ದು ಒಂದು ಅಂಕಿ: 388–1. ಆ ಒಂದು ಆಕೆಯದು. ಅಲ್ಲಿಂದ ನಾನು ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

ಜೆನೆಟ್ ಹುಟ್ಟಿದ್ದು 1880ರ ಜೂನ್ 11ರಂದು, ಮೊಂಟಾನಾದ ಮಿಸೌಲಾ ಪಟ್ಟಣದ ಬಳಿ. ಆಗ ಮೊಂಟಾನಾ ಇನ್ನೂ ರಾಜ್ಯವೇ ಆಗಿರಲಿಲ್ಲ. ಅಪ್ಪ ದನಕರು, ಜಮೀನು, ಮರದ ವ್ಯಾಪಾರ ಇದ್ದವರು; ಅಮ್ಮ ಮದುವೆಗೆ ಮುಂಚೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಹೊಲದಲ್ಲಿ ಹೆಣ್ಣುಗಳೂ ಗಂಡಸರಷ್ಟೇ ದುಡಿಯುತ್ತಿದ್ದರು. ವೋಟಿನ ಮಾತು ಬಂದಾಗ ಮಾತ್ರ ಆ ಸಮಾನತೆ ಮಾಯವಾಗುತ್ತಿತ್ತು.

1902ರಲ್ಲಿ ಮೊಂಟಾನಾ ವಿಶ್ವವಿದ್ಯಾಲಯದಿಂದ ಜೀವವಿಜ್ಞಾನದ ಪದವಿ ಪಡೆದರು. ಮುಂದೇನು? ನಮ್ಮಲ್ಲಿ ಅನೇಕರ ಹಾಗೆ ಅವರಿಗೂ ಗೊತ್ತಿರಲಿಲ್ಲ. ಸ್ವಲ್ಪ ದಿನ ಶಾಲೆಯಲ್ಲಿ ಪಾಠ ಮಾಡಿದರು, ಹೊಲಿಗೆ ಕಲಿತರು, ಪೀಠೋಪಕರಣಗಳ ವಿನ್ಯಾಸಕ್ಕೂ ಕೈ ಹಾಕಿದರು. ಯಾವುದೂ ಕೈಹಿಡಿಯಲಿಲ್ಲ. 1904ರಲ್ಲಿ ಅಪ್ಪ ತೀರಿಕೊಂಡರು. ಮನೆಗೆ ಹಿರಿಮಗಳಾದ್ದರಿಂದ ತಮ್ಮ, ತಂಗಿಯರನ್ನು ನೋಡಿಕೊಳ್ಳುವ ಹೊಣೆಯೂ ಹೆಗಲೇರಿತು.

ಹಾರ್ವರ್ಡ್‌ನಲ್ಲಿ ಓದುತ್ತಿದ್ದ ತಮ್ಮ ವೆಲಿಂಗ್ಟನ್‌ನನ್ನು ನೋಡಲು ಹೋದಾಗ ಬಾಸ್ಟನ್ನಿನ ಕೊಳೆಗೇರಿಗಳು ಕಣ್ಣಿಗೆ ಬಿದ್ದವು. ಆ ನೋಟ ಅವರನ್ನು ಬಿಡಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಡ ವಲಸಿಗರ ನಡುವೆ ಕೆಲಸ ಮಾಡಿ, 28ನೇ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿನಿಯಾಗಿ ನ್ಯೂಯಾರ್ಕಿನಲ್ಲಿ ಸಮಾಜಸೇವೆಯ ಶಿಕ್ಷಣ ಪಡೆದರು. ಆಮೇಲೆ ವಾಷಿಂಗ್ಟನ್ ರಾಜ್ಯದಲ್ಲಿ ಅನಾಥ ಮಕ್ಕಳ ನಡುವೆ ಕೆಲಸ. ಅಲ್ಲೂ ಹೆಚ್ಚು ದಿನ ನಿಲ್ಲಲಿಲ್ಲ. ಒಂದೊಂದು ಮಗುವಿನ ಕಣ್ಣೀರು ಒರೆಸಿದರೆ ಸಾಲದು, ಕಾನೂನೇ ಬದಲಾಗಬೇಕು. ಅದಕ್ಕೆ ಹೆಣ್ಣುಮಕ್ಕಳ ಕೈಯಲ್ಲಿ ವೋಟಿರಬೇಕು ಎಂಬ ತೀರ್ಮಾನಕ್ಕೆ ಬಂದರು. 1910ರಲ್ಲಿ ಆ ರಾಜ್ಯದ ಮಹಿಳೆಯರು ಮತದ ಹಕ್ಕು ಗೆದ್ದಾಗ ಪ್ರಚಾರ ಮಾಡಿದವರಲ್ಲಿ ಅವರೂ ಒಬ್ಬರು. ತನ್ನ ಕೆಲಸ ಯಾವುದೆಂದು ಗೊತ್ತಾಗುವ ಹೊತ್ತಿಗೆ ವಯಸ್ಸು 30. ಇಪ್ಪತ್ತೈದಕ್ಕೇ ಬದುಕು ಮುಗಿಯಿತು ಎಂದುಕೊಳ್ಳುವ ನನಗೆ ಈ ಭಾಗ ಓದಿ ಜೀವ ಬಂದಂತಾಯಿತು.

1911ರ ಫೆಬ್ರುವರಿಯಲ್ಲಿ ಮೊಂಟಾನಾ ಶಾಸನಸಭೆಯ ಮುಂದೆ ನಿಂತು ಮಹಿಳೆಯರ ಮತದ ಹಕ್ಕಿಗಾಗಿ ವಾದಿಸಿದರು. ಆ ಸಭೆಯನ್ನು ಉದ್ದೇಶಿಸಿ ಮಾತನಾಡಿದ ಮೊದಲ ಮಹಿಳೆ ಅವರೇ. ಆಗಲೇ ಫಲ ಸಿಗಲಿಲ್ಲ. ಗಣಿ ಊರುಗಳು, ಹಳ್ಳಿಗಳು, ರೈಲು ನಿಲ್ದಾಣಗಳನ್ನೆಲ್ಲ ಸುತ್ತಿದರು. 1914ರ ನವೆಂಬರಿನಲ್ಲಿ ಮೊಂಟಾನಾದ ಗಂಡಸರು ಮತ ಹಾಕಿ ಹೆಂಗಸರಿಗೆ ಮತದ ಹಕ್ಕು ಕೊಟ್ಟರು. ಎರಡೇ ವರ್ಷಕ್ಕೆ ಜೆನೆಟ್ ರಿಪಬ್ಲಿಕನ್ ಪಕ್ಷದಿಂದ ಚುನಾವಣೆಗೆ ನಿಂತರು. ಇಡೀ ರಾಜ್ಯಕ್ಕೆ ಎರಡು ಸ್ಥಾನ. ತಮ್ಮ ವೆಲಿಂಗ್ಟನ್ ಪ್ರಚಾರದ ಉಸ್ತುವಾರಿ ಹೊತ್ತರು. ಎರಡನೆಯವರಾಗಿ ಗೆದ್ದು ಬಂದರು. ದೇಶದ ಬಹುಪಾಲು ಹೆಣ್ಣುಮಕ್ಕಳಿಗೆ ಇನ್ನೂ ವೋಟೇ ಇಲ್ಲದಾಗ ಒಬ್ಬ ಹೆಣ್ಣುಮಗಳು ಸಂಸತ್ತಿನ ಕೆಳಮನೆಯಲ್ಲಿ ಕೂತಿದ್ದು ಹೀಗೆ.

1917ರ ಏಪ್ರಿಲ್ 2ರಂದು ಪ್ರಮಾಣವಚನ. ಅದೇ ಸಂಜೆ ಅಧ್ಯಕ್ಷ ವುಡ್ರೋ ವಿಲ್ಸನ್ ಬಂದು ಜರ್ಮನಿಯ ವಿರುದ್ಧ ಯುದ್ಧ ಘೋಷಿಸಿ ಎಂದು ಸಂಸತ್ತನ್ನು ಕೇಳಿದರು. ಕೆಲಸಕ್ಕೆ ಸೇರಿದ ಮೊದಲ ದಿನವೇ ಇಂಥ ಪರೀಕ್ಷೆ! ಮಹಿಳಾ ಹೋರಾಟದ ಗೆಳತಿಯರಲ್ಲೇ ಹಲವರು, ಯುದ್ಧ ಬೇಡ ಎಂದರೆ ಹೆಂಗಸರು ರಾಜಕೀಯಕ್ಕೆ ಲಾಯಕ್ಕಲ್ಲ ಎಂಬ ಮಾತು ಬರುತ್ತದೆ, ಮತದ ಹಕ್ಕಿನ ಹೋರಾಟವೇ ಹಿಂದೆ ಬೀಳುತ್ತದೆ ಎಂದು ಎಚ್ಚರಿಸಿದರು. ಏಪ್ರಿಲ್ 6ರ ನಸುಕಿನಲ್ಲಿ ಹೆಸರು ಕೂಗಿದಾಗ ಮೊದಲ ಸುತ್ತಿನಲ್ಲಿ ಅವರು ಸುಮ್ಮನಿದ್ದರು. ಎರಡನೇ ಸುತ್ತಿನಲ್ಲಿ ಎದ್ದು, ದೇಶದ ಜೊತೆ ನಿಲ್ಲುವ ಆಸೆಯಿದೆ, ಯುದ್ಧಕ್ಕೆ ಮತ ಹಾಕಲಾರೆ ಎಂಬರ್ಥದ ಮಾತು ಹೇಳಿದರು. ಪರವಾಗಿ 373, ವಿರೋಧವಾಗಿ 50. ಆ ಐವತ್ತರಲ್ಲಿ 49 ಮಂದಿ ಗಂಡಸರೇ ಆಗಿದ್ದರೂ ಪತ್ರಿಕೆಗಳ ಕಣ್ಣು ಬಿದ್ದದ್ದು ಆಕೆಯ ಮೇಲೆ.

ಆ ವರ್ಷ ಜೂನ್‌ನಲ್ಲಿ ಬ್ಯೂಟ್ ಪಟ್ಟಣದ ಸ್ಪೆಕ್ಯುಲೇಟರ್ ತಾಮ್ರದ ಗಣಿಗೆ ಬೆಂಕಿ ಬಿದ್ದು 168 ಕಾರ್ಮಿಕರು ಸತ್ತರು. ಗಣಿಗಾರರು ಮುಷ್ಕರ ಹೂಡಿದಾಗ ಜೆನೆಟ್ ಅವರ ಪರ ನಿಂತು, ರಾಜ್ಯವನ್ನೇ ಹಿಡಿತದಲ್ಲಿ ಇಟ್ಟುಕೊಂಡಿದ್ದ ಅನಕೊಂಡಾ ಕಂಪನಿಯನ್ನು ಎದುರು ಹಾಕಿಕೊಂಡರು. 1918ರ ಜನವರಿ 10ರಂದು ಮಹಿಳೆಯರ ಮತದ ಹಕ್ಕಿನ ಸಂವಿಧಾನ ತಿದ್ದುಪಡಿಯ ಚರ್ಚೆಯನ್ನು ಕೆಳಮನೆಯಲ್ಲಿ ಆರಂಭಿಸಿದವರೂ ಅವರೇ. 274–136ರಿಂದ ಅದು ಗೆದ್ದಿತು, ಮೇಲ್ಮನೆಯಲ್ಲಿ ಸೋತಿತು. ತಿದ್ದುಪಡಿ ಕೊನೆಗೆ 1920ರಲ್ಲಿ ಜಾರಿಗೆ ಬರುವಾಗ ಅವರು ಸಂಸತ್ತಿನಲ್ಲಿ ಇರಲಿಲ್ಲ. ಮೊಂಟಾನಾವನ್ನು ಎರಡು ಕ್ಷೇತ್ರಗಳಾಗಿ ಒಡೆದಿದ್ದರಿಂದ ಮತ್ತೆ ಗೆಲ್ಲುವ ದಾರಿ ಮುಚ್ಚಿತ್ತು. 1918ರಲ್ಲಿ ಸೆನೆಟ್ಟಿಗೆ ನಿಂತು ಸೋತರು.

ಇಲ್ಲಿ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. 1917ರ ಡಿಸೆಂಬರಿನಲ್ಲಿ ಆಸ್ಟ್ರಿಯಾ–ಹಂಗರಿಯ ಮೇಲೂ ಯುದ್ಧ ಘೋಷಿಸುವ ನಿರ್ಣಯ ಬಂತು. ಅಂದು ಬೇಡ ಎಂದದ್ದು ಒಬ್ಬರೇ, ನ್ಯೂಯಾರ್ಕಿನ ಸಮಾಜವಾದಿ ಸದಸ್ಯ ಮೇಯರ್ ಲಂಡನ್. ಜೆನೆಟ್ ಹೌದು ಎಂದರು. ಹೇಗೂ ಯುದ್ಧ ಶುರುವಾಗಿದೆ, ಇದು ಬರೀ ತಾಂತ್ರಿಕ ವಿಷಯ ಎಂಬುದು ಅವರ ಸಮಜಾಯಿಷಿ. ಅಂದರೆ ಆಕೆಯೂ ಒಮ್ಮೆ ಗುಂಪಿನ ಜೊತೆ ಕೈ ಎತ್ತಿದ್ದರು. ಇದನ್ನು ಓದಿದ ಮೇಲೆ ಅವರು ನನಗೆ ಸಣ್ಣವರಾಗಿ ಕಾಣಲಿಲ್ಲ, ಹತ್ತಿರದವರಾದರು.

ಮುಂದಿನ ಎರಡು ದಶಕ ಅವರು ಯುದ್ಧದ ವಿರುದ್ಧವೇ ದುಡಿದರು. 1919ರಲ್ಲಿ ಜ್ಯೂರಿಕ್‌ನ ಮಹಿಳಾ ಶಾಂತಿ ಸಮ್ಮೇಳನಕ್ಕೆ ಹೋದರು. ಜಾರ್ಜಿಯಾದಲ್ಲಿ ಜಮೀನು ಕೊಂಡು ಕರೆಂಟಿಲ್ಲದ ಮನೆಯಲ್ಲಿ ಬದುಕಿದರು. ಶಾಂತಿ ಸಂಘಟನೆಗಳ ಪರವಾಗಿ ಸಂಸದರ ಬಾಗಿಲು ತಟ್ಟಿದರು. 1940ರಲ್ಲಿ, 60ನೇ ವಯಸ್ಸಿನಲ್ಲಿ, ಮೊಂಟಾನಾ ಅವರನ್ನು ಮತ್ತೆ ಗೆಲ್ಲಿಸಿ ಕಳಿಸಿತು.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿತು. ಸತ್ತವರು 2,400ಕ್ಕೂ ಹೆಚ್ಚು. ಮರುದಿನ ಅಧ್ಯಕ್ಷ ರೂಸ್‌ವೆಲ್ಟ್ ಯುದ್ಧಕ್ಕೆ ಅನುಮತಿ ಕೇಳಿದರು. ಜೆನೆಟ್ ಮಾತನಾಡಲು ಎದ್ದರೂ ಸ್ಪೀಕರ್ ಅವಕಾಶ ಕೊಡಲಿಲ್ಲ. ಸೆನೆಟ್‌ನಲ್ಲಿ 82 ಮತ ಪರ, ವಿರೋಧ ಸೊನ್ನೆ. ಕೆಳಮನೆಯಲ್ಲಿ 388 ಪರ, ವಿರೋಧ ಒಂದು. ಸಿಟ್ಟಿಗೆದ್ದ ಜನರಿಂದ ತಪ್ಪಿಸಿಕೊಳ್ಳಲು ಅವರು ಟೆಲಿಫೋನ್ ಬೂತಿನೊಳಗೆ ಸೇರಿ, ಅಲ್ಲಿಂದಲೇ ಪೊಲೀಸರನ್ನು ಕರೆಸಿಕೊಳ್ಳಬೇಕಾಯಿತು. ಬೆನ್ನಿಗಿದ್ದ ತಮ್ಮನೇ, ಇಡೀ ಮೊಂಟಾನಾ ನಿನ್ನ ವಿರುದ್ಧವಿದೆ ಎಂದು ತಿಳಿಸಿದರು. 1942ರಲ್ಲಿ ಅವರು ಮತ್ತೆ ಸ್ಪರ್ಧಿಸಲಿಲ್ಲ.

ಆ ಮತ ಸರಿಯೇ? ನನಗೆ ಈಗಲೂ ಗೊಂದಲವಿದೆ. ಒಂದು ಕಡೆ ಹಿಟ್ಲರ್, ಇನ್ನೊಂದು ಕಡೆ ದಾಳಿ ಮಾಡಿದ ಜಪಾನ್; ಯುದ್ಧ ಬೇಡ ಎಂದು ಕೂತಿದ್ದರೆ ಜಗತ್ತು ಏನಾಗುತ್ತಿತ್ತೋ. ಗೆಳತಿಯೊಬ್ಬಳ ಜೊತೆ ಇದರ ಬಗ್ಗೆ ಜಗಳವನ್ನೇ ಆಡಿದ್ದೇನೆ. ಆದರೆ ಒಂದು ಮಾತು ಒಪ್ಪಲೇಬೇಕು. ಸೋಲುವ ಮತ ಎಂದು ಗೊತ್ತಿತ್ತು, ಬೆಲೆ ಎಷ್ಟೆಂದು 1917ರಲ್ಲೇ ಕಂಡಿದ್ದರು. ಆದರೂ ಎದೆಯಲ್ಲಿದ್ದದ್ದನ್ನೇ ಬಾಯಲ್ಲಿ ಹೇಳಿದರು.

ಆಮೇಲಿನ ಬದುಕೂ ಬತ್ತಲಿಲ್ಲ. ಗಾಂಧೀಜಿಯವರ ಅಹಿಂಸೆಯ ದಾರಿ ಸೆಳೆದಿದ್ದರಿಂದ 1946ರಿಂದ 1971ರ ನಡುವೆ ಏಳು ಬಾರಿ ಭಾರತಕ್ಕೆ ಬಂದರು. 1968ರ ಜನವರಿಯಲ್ಲಿ, 87ನೇ ವಯಸ್ಸಿನಲ್ಲಿ, ವಿಯೆಟ್ನಾಂ ಯುದ್ಧ ನಿಲ್ಲಿಸಿ ಎಂದು ಸಾವಿರಾರು ಮಹಿಳೆಯರೊಂದಿಗೆ ವಾಷಿಂಗ್ಟನ್ನಿನಲ್ಲಿ ನಡೆದರು. 1973ರ ಮೇ 18ರಂದು, 92ನೇ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದ ಕಾರ್ಮೆಲ್‌ನಲ್ಲಿ ತೀರಿಕೊಂಡರು. 1985ರಲ್ಲಿ ಅವರ ಪ್ರತಿಮೆ ಸಂಸತ್ ಭವನದೊಳಗೇ ನಿಂತಿತು.

ನನಗೆ ಪ್ರತಿಮೆಗಿಂತ ಹೆಚ್ಚು ಇಷ್ಟವಾದದ್ದು ಅವರ ಉಯಿಲು. ಆಸ್ತಿಯ ಒಂದು ಪಾಲನ್ನು ವಯಸ್ಸು ಮೀರಿದ, ಕೆಲಸವಿಲ್ಲದ ದುಡಿಯುವ ಹೆಣ್ಣುಮಕ್ಕಳಿಗಾಗಿ ಬಿಟ್ಟುಹೋಗಿದ್ದರು. ಆ 16,000 ಡಾಲರಿನಿಂದ 1976ರಲ್ಲಿ ಒಂದು ನಿಧಿ ಶುರುವಾಗಿ, ಮತ್ತೆ ಓದಲು ಹೊರಟ ಬಡ ಮಹಿಳೆಯರಿಗೆ ವಿದ್ಯಾರ್ಥಿವೇತನ ಕೊಡತೊಡಗಿತು. ಮೂವತ್ತರವರೆಗೆ ದಾರಿ ಹುಡುಕಿದವರಿಗೆ ತಡವಾಗಿ ಹೊರಟವರ ಕಷ್ಟ ಗೊತ್ತಿರುತ್ತದೆ.

ಪರೀಕ್ಷೆಯಲ್ಲಿ ಈ ಹೆಸರಿಗೆ ಒಂದೇ ಅಂಕ. ಕಳೆದ ವಾರ, ಮನೆ ಬಿಟ್ಟು ಹೋದ ಆ ಹುಡುಗಿಗೆ ಫೋನ್ ಮಾಡಿದೆ. ಅವತ್ತು ಕೈ ಎತ್ತಿದವರಲ್ಲಿ ನಾನೂ ಇದ್ದೆ, ಎತ್ತಬಾರದಿತ್ತು ಎಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಅಪ್ಪ ಈಗ ಎದ್ದು ಓಡಾಡುತ್ತಿದ್ದಾರೆ ಎಂದಳು. ಮುಂದಿನ ಪರೀಕ್ಷೆಯ ತಾರೀಖು ಯಾವಾಗ ಎಂದೂ ಕೇಳಿದಳು.