ಪರಮಾಣುಗಳನ್ನು ತೂಗಿದ ಆಸ್ಟನ್

ಫ್ರಾನ್ಸಿಸ್ ವಿಲಿಯಂ ಆಸ್ಟನ್ನರು 1877ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಬಳಿ ಜನಿಸಿದರು. ಗಾಜು ಊದುವ ಕಸುಬನ್ನೂ ಬಲ್ಲ ಈ ರಸಾಯನಜ್ಞರು 1910ರಲ್ಲಿ ಕೇಂಬ್ರಿಜ್‌ನಲ್ಲಿ ಜೆ. ಜೆ. ಥಾಮ್ಸನ್ನರ ಸಹಾಯಕರಾದರು.

ಆಗ ವಿಜ್ಞಾನಿಗಳನ್ನು ಒಂದು ಒಗಟು ಕಾಡುತ್ತಿತ್ತು. ಕ್ಲೋರಿನ್ನಿನ ಪರಮಾಣು ತೂಕ ಸುಮಾರು 35.5, ಈ ಅರೆ ಎಲ್ಲಿಂದ ಬಂತು? 1919ರಲ್ಲಿ ಆಸ್ಟನ್ನರು ದ್ರವ್ಯರಾಶಿ ರೋಹಿತಲೇಖಿಯನ್ನು ನಿರ್ಮಿಸಿದರು. ವಿದ್ಯುದಾವೇಶ ಹೊಂದಿದ ಪರಮಾಣುಗಳು ವಿದ್ಯುತ್ ಮತ್ತು ಕಾಂತಕ್ಷೇತ್ರಗಳನ್ನು ಹಾದು, ತಮ್ಮ ತಮ್ಮ ಭಾರಕ್ಕೆ ತಕ್ಕಂತೆ ಬಾಗಿ, ಛಾಯಾಫಲಕದ ಮೇಲೆ ಬೇರೆ ಬೇರೆ ಗೆರೆಗಳನ್ನು ಮೂಡಿಸಿದವು. ಕ್ಲೋರಿನ್ ತೋರಿದ್ದು 35 ಮತ್ತು 37ರ ಎರಡು ಗೆರೆಗಳನ್ನು. ಅರೆಯ ಗುರುತೇ ಇಲ್ಲ! ಅಷ್ಟು ಕಾಲ ತಕ್ಕಡಿ ತೂಗಿದ್ದು ಕೇವಲ ಮಿಶ್ರಣವನ್ನು.

1922ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಲಭಿಸಿತು. 1945ರಲ್ಲಿ ಅವರು ತೀರಿಕೊಂಡರು. ಆ ಉಪಕರಣದ ಸಂತತಿಯಾದ ಯಂತ್ರಗಳು ಇಂದು ಕುಡಿಯುವ ನೀರಿನಲ್ಲಿರುವ ಕೀಟನಾಶಕದ ಲೇಶವನ್ನೂ, ಕ್ರೀಡಾಪಟುಗಳು ಸೇವಿಸಿದ ನಿಷಿದ್ಧ ಮದ್ದನ್ನೂ ಪತ್ತೆಹಚ್ಚುತ್ತಿವೆ. ಶಿಲೆಗಳ ವಯಸ್ಸನ್ನೂ ತಿಳಿಸುತ್ತಿವೆ.