ಸರೀಸೃಪಗಳ ಗೆಳತಿ ಜೋನ್ ಪ್ರಾಕ್ಟರ್

ಮಕ್ಕಳೇ, ನಿಮ್ಮಲ್ಲಿ ಅನೇಕರ ಮನೆಯಲ್ಲಿ ನಾಯಿ, ಬೆಕ್ಕು, ಕೋಳಿ, ಕುರಿಮರಿಗಳಿರಬಹುದು. ಆದರೆ ಹಲ್ಲಿಯನ್ನು ಪ್ರೀತಿಯಿಂದ ಸಾಕಿದವರು ಯಾರಾದರೂ ಇದ್ದೀರಾ? ಊಟಕ್ಕೆ ಕುಳಿತಾಗ ಅದನ್ನೂ ಪಕ್ಕದಲ್ಲಿ ಕೂರಿಸಿಕೊಂಡವರು? ನಗಬೇಡಿ! ನೂರು ವರ್ಷಗಳಿಗೂ ಹಿಂದೆ ಇಂಗ್ಲೆಂಡಿನ ಲಂಡನ್ ನಗರದಲ್ಲಿ ಅಂತಹ ಒಬ್ಬ ಹುಡುಗಿ ಇದ್ದಳು. ಅವಳ ಹೆಸರು ಜೋನ್ ಬೋಷಾಂ ಪ್ರಾಕ್ಟರ್.

ಜೋನ್ ಹುಟ್ಟಿದ್ದು 1897ರ ಆಗಸ್ಟ್ 5ರಂದು. ಹತ್ತು ವರ್ಷದವಳಾಗುವಷ್ಟರಲ್ಲಿ ಅವಳಿಗೆ ಹಲ್ಲಿ, ಹಾವುಗಳೆಂದರೆ ಎಲ್ಲಿಲ್ಲದ ಕುತೂಹಲ. ತನ್ನ ದೇಶದ ಕೆಲವು ಹಲ್ಲಿ, ಹಾವುಗಳನ್ನು ಅವಳು ಮನೆಯಲ್ಲಿ ಸಾಕಿಕೊಂಡಿದ್ದಳು. ಇವುಗಳಲ್ಲೆಲ್ಲ ಅವಳಿಗೆ ಅಚ್ಚುಮೆಚ್ಚು ಯುರೋಪಿನ ಡಾಲ್ಮೇಶಿಯಾ ಎಂಬ ಪ್ರದೇಶದ ಒಂದು ದೊಡ್ಡ ಹಲ್ಲಿ. ಅವಳು ಹೋದಲ್ಲೆಲ್ಲ ಅದೂ ಹೋಗುತ್ತಿತ್ತು. ಊಟದ ಮೇಜಿನ ಬಳಿ ಅದಕ್ಕೂ ಜಾಗವಿತ್ತು!

ಹದಿನಾರನೇ ವಯಸ್ಸಿನಲ್ಲಿ ಜೋನ್ ಒಂದು ಮೊಸಳೆ ಮರಿಯನ್ನು ಸಾಕಿದಳು. ಒಂದು ದಿನ ಅದನ್ನು ಶಾಲೆಗೇ ತಂದಳು. ಗಣಿತದ ತರಗತಿಯಲ್ಲಿ ಮೊಸಳೆ! ಶಿಕ್ಷಕಿಗೆ ಹೇಗಾಗಿರಬೇಕು, ಊಹಿಸಿಕೊಳ್ಳಿ. ಇದನ್ನು ಓದಿ ನಿಮಗೂ ಆಸೆಯಾದರೆ ಒಂದು ವಿಷಯ ನೆನಪಿಡಿ. ಪುಟ್ಟ ಮೊಸಳೆ ಮರಿ ಮರಿಯಾಗಿಯೇ ಉಳಿಯುವುದಿಲ್ಲ. ನಮ್ಮ ನದಿಗಳ ಮೊಸಳೆ ಬೆಳೆದರೆ ನಾಲ್ಕು ಮೀಟರ್ ಉದ್ದವಾಗಬಲ್ಲದು. ಅದು ಯಾವ ಮನೆಗೂ ತಕ್ಕ ಪ್ರಾಣಿಯಲ್ಲ. ಯಾವುದೇ ಪ್ರಾಣಿಯನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ, ಇಂದು ಅದು ಎಷ್ಟು ಮುದ್ದಾಗಿದೆ ಎಂದಲ್ಲ, ನಾಳೆ ಎಷ್ಟು ದೊಡ್ಡದಾಗುತ್ತದೆ ಎಂದು.

ಜೋನ್ ಸುಮ್ಮನೆ ಪ್ರಾಣಿಗಳನ್ನು ಇಟ್ಟುಕೊಂಡು ಕೂರಲಿಲ್ಲ. ಇವು ಏನು ತಿನ್ನುತ್ತವೆ? ಎಷ್ಟು ದಿನಕ್ಕೊಮ್ಮೆ ತಿನ್ನುತ್ತವೆ? ಎಂತಹ ಜಾಗದಲ್ಲಿ ವಾಸಿಸುತ್ತವೆ? ಹೀಗೆ ಅವಳ ತಲೆಯ ತುಂಬ ಪ್ರಶ್ನೆಗಳು. ಅವುಗಳನ್ನು ಹಿಡಿದುಕೊಂಡು ಅವಳು ಲಂಡನ್ನಿನ ದೊಡ್ಡ ವಸ್ತುಸಂಗ್ರಹಾಲಯಕ್ಕೆ ಹೋಗುತ್ತಿದ್ದಳು. ಅಲ್ಲಿನ ಸರೀಸೃಪ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಜಾರ್ಜ್ ಬೌಲೆಂಜರ್ ಎಂಬ ಹೆಸರಾಂತ ವಿಜ್ಞಾನಿ. ನಮ್ಮ ಭಾರತದ ಸರೀಸೃಪಗಳ ಬಗ್ಗೆ 1890ರಲ್ಲಿ ದೊಡ್ಡ ಗ್ರಂಥವೊಂದನ್ನು ಬರೆದವರೂ ಇವರೇ. ಹುಡುಗಿಯ ಆಸಕ್ತಿ ಕಂಡು ಅವರಿಗೆ ಸಂತೋಷವಾಯಿತು.

ಆದರೆ ಜೋನಳಿಗೆ ಒಂದು ದೊಡ್ಡ ತೊಂದರೆಯಿತ್ತು. ಚಿಕ್ಕಂದಿನಿಂದಲೂ ಅವಳನ್ನು ಕರುಳಿನ ಕಾಯಿಲೆ ಕಾಡುತ್ತಿತ್ತು. ಶಾಲೆ ಆಗಾಗ ತಪ್ಪುತ್ತಿತ್ತು. ಬುದ್ಧಿವಂತೆಯಾಗಿದ್ದರೂ ವಿಶ್ವವಿದ್ಯಾಲಯಕ್ಕೆ ಹೋಗಲು ಆರೋಗ್ಯ ಬಿಡಲಿಲ್ಲ. ಆಗ ಬೌಲೆಂಜರ್ ಅವರೇ ಅವಳನ್ನು ಕರೆದು ತಮ್ಮ ಬಳಿ ಕೆಲಸಕ್ಕೆ ಸೇರಿಸಿಕೊಂಡರು. ಪದವಿಯಿಲ್ಲದ ಆ ಹುಡುಗಿ 1917ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ವಿಷದ ಹಾವೊಂದರ ಬಗ್ಗೆ ವಿಜ್ಞಾನಿಗಳ ಮುಂದೆ ಪ್ರಬಂಧ ಮಂಡಿಸಿದಳು!

1923ರಲ್ಲಿ ಜೋನ್ ಪ್ರಾಕ್ಟರ್ ಲಂಡನ್ ಮೃಗಾಲಯದ ಸರೀಸೃಪಗಳ ಮೇಲ್ವಿಚಾರಕಿಯಾದರು. ಆ ಹುದ್ದೆಗೆ ಬಂದ ಮೊದಲ ಮಹಿಳೆ ಅವರು. ಸರೀಸೃಪಗಳಿಗಾಗಿ ಅಲ್ಲಿ ಹೊಸ ಮನೆಯೊಂದನ್ನು ಕಟ್ಟುವ ಕೆಲಸದಲ್ಲೂ ಅವರು ತೊಡಗಿದರು. ಬೋನು ಕಟ್ಟುವುದರಲ್ಲಿ ಅಂತಹ ವಿಶೇಷವೇನು ಎನ್ನುತ್ತೀರಾ? ಇಲ್ಲಿಯೇ ವಿಜ್ಞಾನ ಇರುವುದು.

ನಮ್ಮ ದೇಹದ ಉಷ್ಣತೆ ಚಳಿಗಾಲದಲ್ಲೂ ಬೇಸಿಗೆಯಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಹಾವು, ಹಲ್ಲಿ, ಆಮೆಗಳು ಹಾಗಲ್ಲ. ಅವು ಹೊರಗಿನಿಂದ ಶಾಖ ಪಡೆಯಬೇಕು. ಮೈ ಬೆಚ್ಚಗಾಗದಿದ್ದರೆ ಅವುಗಳಿಗೆ ತಿಂದದ್ದು ಜೀರ್ಣವಾಗುವುದಿಲ್ಲ. ಎಷ್ಟು ಒಳ್ಳೆಯ ಆಹಾರ ಕೊಟ್ಟರೂ ಹೊಟ್ಟೆಯಲ್ಲೇ ಕೊಳೆಯಬಹುದು. ಆದ್ದರಿಂದ ಸರೀಸೃಪಕ್ಕೆ ಶಾಖವೂ ಊಟದ ಒಂದು ಭಾಗವೇ! ಜೋನ್ ಅವರು ಬೋನುಗಳಲ್ಲಿ ವಿದ್ಯುತ್ತಿನಿಂದ ಬೇರೆ ಬೇರೆ ಮಟ್ಟದ ಶಾಖ ಇರುವಂತೆ ಏರ್ಪಾಡು ಮಾಡಿಸಿದರು. ಜೊತೆಗೆ ವಿಶೇಷವಾದ ಒಂದು ಗಾಜನ್ನು ಹಾಕಿಸಿದರು. ಸಾಮಾನ್ಯ ಗಾಜು ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳ ಮುಖ್ಯ ಭಾಗವನ್ನು ತಡೆಯುತ್ತದೆ. ಈ ಗಾಜು ಅದನ್ನು ಒಳಗೆ ಬಿಡುತ್ತಿತ್ತು. ಆ ಕಿರಣಗಳು ಬಿದ್ದಾಗ ಚರ್ಮದಲ್ಲಿ ಡಿ ಜೀವಸತ್ವ ತಯಾರಾಗುತ್ತದೆ. ಅದಿದ್ದರೆ ಮಾತ್ರ ಆಹಾರದಲ್ಲಿನ ಸುಣ್ಣದ ಅಂಶವನ್ನು ದೇಹ ಹೀರಿಕೊಂಡು ಮೂಳೆ ಗಟ್ಟಿಯಾಗುತ್ತದೆ. 1927ರಲ್ಲಿ ತೆರೆದ ಈ ಸರೀಸೃಪ ಮನೆ ತೊಂಬತ್ತಕ್ಕೂ ಹೆಚ್ಚು ವರ್ಷ ಬಳಕೆಯಲ್ಲಿತ್ತು.

ಇದನ್ನು ಬರೆಯುವಾಗ ನನಗೆ ಒಂದು ಘಟನೆ ನೆನಪಾಗುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಗೆ ಹೋಗಿದ್ದಾಗ ಏಳನೇ ತರಗತಿಯ ಹುಡುಗನೊಬ್ಬ ಡಬ್ಬಿಯಲ್ಲಿ ಪುಟ್ಟ ಆಮೆಯನ್ನು ತಂದು ತೋರಿಸಿದ. ಪೇಟೆಯಲ್ಲಿ ಮಾರುವ, ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ವಿದೇಶಿ ಆಮೆ ಅದು. ಹುಡುಗ ದಿನವೂ ತಪ್ಪದೆ ಅನ್ನ, ಮಂಡಕ್ಕಿ ಹಾಕುತ್ತಿದ್ದ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಜೋಪಾನ ಮಾಡಿದ್ದ. ಆದರೂ ಆಮೆಯ ಚಿಪ್ಪು ಒತ್ತಿದರೆ ತಗ್ಗುವಷ್ಟು ಮೆತ್ತಗಾಗಿತ್ತು. ಅದಕ್ಕೆ ಬೇಕಿದ್ದದ್ದು ನೀರಗಿಡ, ಹುಳು, ಪುಟ್ಟ ಮೀನು ಮತ್ತು ಬಿಸಿಲು. ಅಷ್ಟರಲ್ಲಿ ತಡವಾಗಿತ್ತು. ಹುಡುಗನ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ತಿಳಿವಳಿಕೆ ಸಿಕ್ಕಿರಲಿಲ್ಲ, ಅಷ್ಟೆ. ಆ ಜಾತಿಯ ಆಮೆ ಸುಮಾರು ಒಂದು ಅಡಿಯವರೆಗೆ ಬೆಳೆಯಬಲ್ಲದು, ಇಪ್ಪತ್ತು-ಮೂವತ್ತು ವರ್ಷ ಬದುಕಬಲ್ಲದು ಎಂದು ಅಂಗಡಿಯವನೂ ಹೇಳಿರಲಿಲ್ಲ.

ಮತ್ತೆ ಜೋನ್ ಅವರ ಕಥೆಗೆ ಬರೋಣ. 1927ರಲ್ಲಿ ಲಂಡನ್ ಮೃಗಾಲಯಕ್ಕೆ ಎರಡು ವಿಚಿತ್ರ ಅತಿಥಿಗಳು ಬಂದವು. ಅವು ಈಗಿನ ಇಂಡೋನೇಷ್ಯಾದ ದ್ವೀಪಗಳ ಕೊಮೋಡೊ ಡ್ರ್ಯಾಗನ್‌ಗಳು. ಜಗತ್ತಿನ ಅತಿ ದೊಡ್ಡ ಹಲ್ಲಿಗಳಿವು. ನಮ್ಮ ಉಡದ ಸಂಬಂಧಿಗಳು. ಮೂರು ಮೀಟರ್‌ವರೆಗೆ ಬೆಳೆಯಬಲ್ಲವು, ಜಿಂಕೆಯನ್ನೂ ಬೇಟೆಯಾಡಬಲ್ಲವು. ಜೋನ್ ಅವುಗಳಲ್ಲಿ ಒಂದರ ಸ್ವಭಾವವನ್ನು ತಾಳ್ಮೆಯಿಂದ ಅರಿತರು. 1928ರ ಅಕ್ಟೋಬರಿನಲ್ಲಿ ಅದನ್ನು ವಿಜ್ಞಾನಿಗಳ ಸಭೆಗೇ ಕರೆತಂದರು! ಎಲ್ಲರೂ ನೋಡುತ್ತಿದ್ದಂತೆ ಅದು ಅವರ ಕೈಯಿಂದ ಕೋಳಿ, ಮೊಟ್ಟೆ, ಪಾರಿವಾಳಗಳನ್ನು ತಿಂದಿತು. ಇದನ್ನು ಧೈರ್ಯದ ಆಟವೆಂದು ತಿಳಿಯಬೇಡಿ. ಇದರ ಹಿಂದೆ ಇಪ್ಪತ್ತು ವರ್ಷಗಳ ಕಲಿಕೆಯಿತ್ತು.

ಈ ಎಲ್ಲ ವರ್ಷಗಳಲ್ಲೂ ಕಾಯಿಲೆ ಅವರನ್ನು ಬಿಟ್ಟಿರಲಿಲ್ಲ. ಕೊನೆಕೊನೆಗೆ ನಡೆಯುವುದೂ ಕಷ್ಟವಾಗಿ, ಗಾಲಿ ಕುರ್ಚಿಯಲ್ಲಿ ಕುಳಿತೇ ಮೃಗಾಲಯ ಸುತ್ತುತ್ತಿದ್ದರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಾಗದಿದ್ದ ಅವರಿಗೆ 1931ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಅದೇ ವರ್ಷ ಸೆಪ್ಟೆಂಬರ್ 20ರಂದು ಜೋನ್ ತೀರಿಕೊಂಡರು. ಆಗ ಅವರ ವಯಸ್ಸು ಕೇವಲ 34.

ಮಕ್ಕಳೇ, ಜೋನ್ ಬಾಲಕಿಯಾಗಿದ್ದ ಕಾಲಕ್ಕೂ ಇಂದಿಗೂ ಬಹಳ ವ್ಯತ್ಯಾಸವಿದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಇದರಂತೆ ನಕ್ಷತ್ರ ಆಮೆ, ಉಡ, ನಾಗರಹಾವುಗಳನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಗದ್ದೆಯಲ್ಲೋ ತೋಟದಲ್ಲೋ ಆಮೆ ಕಂಡರೆ ಮನೆಗೆ ತರಬೇಡಿ, ಅದರ ಪಾಡಿಗೆ ಬಿಡಿ. ವಿದೇಶಿ ಆಮೆಯನ್ನು ಸಾಕಬೇಕೆಂದು ಮನೆಯವರು ಯೋಚಿಸಿದ್ದರೆ ಕೊಳ್ಳುವ ಮೊದಲು ಅರಣ್ಯ ಇಲಾಖೆಯ ನಿಯಮವನ್ನೂ ಪಶುವೈದ್ಯರ ಸಲಹೆಯನ್ನೂ ಕೇಳಲು ಹೇಳಿ. ಸಾಕಿ ಸಾಕಾದಾಗ ಕೆರೆಗೆ ಬಿಡುವುದಂತೂ ಬೇಡವೇ ಬೇಡ. ಅದು ನಮ್ಮ ಕೆರೆಯ ಆಮೆಗಳ ಆಹಾರ, ಜಾಗಗಳನ್ನು ಕಸಿದುಕೊಳ್ಳುತ್ತದೆ.

ಹಾಗಾದರೆ ಸರೀಸೃಪದ ಗೆಳೆತನ ಮಾಡುವುದು ಹೇಗೆ? ನಿಮ್ಮ ಮನೆಯ ಗೋಡೆಯ ಮೇಲೆ ಹಲ್ಲಿ ಇದೆ, ಬೇಲಿಯ ಮೇಲೆ ಓತಿಕ್ಯಾತ ಇದೆ. ಬೋನೂ ಬೇಡ, ಖರ್ಚೂ ಇಲ್ಲ. ಒಂದು ನೋಟ್‌ಪುಸ್ತಕ ತೆಗೆದುಕೊಳ್ಳಿ. ಓತಿಕ್ಯಾತ ಬೆಳಿಗ್ಗೆ ಎಷ್ಟು ಗಂಟೆಗೆ ಬಿಸಿಲಿಗೆ ಬರುತ್ತದೆ? ಎಷ್ಟು ಹೊತ್ತು ಮೈ ಕಾಯಿಸಿಕೊಂಡ ಮೇಲೆ ಬೇಟೆಗೆ ಹೊರಡುತ್ತದೆ? ಮೋಡ ಕವಿದ ದಿನ ಏನು ಮಾಡುತ್ತದೆ? ಒಂದು ವಾರ ದೂರದಿಂದಲೇ ನೋಡಿ, ಬರೆದು, ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.